ಒಂದೇ ಕೆನ್ನೆಯ ಅರಿಶಿನ

ನಮ್ಮ ಮಾವ ಶಿವನಂಜಯ್ಯನವರು ಯಾರನ್ನೂ ನಂಬುವುದಿಲ್ಲ. ಇದನ್ನು ನಾನು ಸೊಸೆಯ ಸಿಟ್ಟಿನಿಂದ ಹೇಳುತ್ತಿಲ್ಲ. ಬಂಡಳ್ಳಿಯಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ, ಮಾವನವರನ್ನೇ ಕೇಳಿದರಂತೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಕಿವಿಗಿಟ್ಟುಕೊಂಡು ಸುಮ್ಮನಿರುತ್ತಾರೆ. ಆ ಕಡೆಯವರು ಹಲೋ ಹಲೋ ಎಂದು ದಣಿದು, ತಮ್ಮ ಹೆಸರು, ಊರು, ಕೆಲಸ ಎಲ್ಲ ಒಪ್ಪಿಸಿದ ಮೇಲೆ ಇವರು ‘ಊಂ’ ಎನ್ನುತ್ತಾರೆ. ಕರೆಂಟ್ ಬಿಲ್ಲು ಬಂದ ದಿನ ಮೇನ್ ಸ್ವಿಚ್ ಆರಿಸಿ, ಮೀಟರು ಕದ್ದುಮುಚ್ಚಿ ಓಡುತ್ತಿದೆಯೇನೋ ಎಂದು ಟಾರ್ಚು ಹಿಡಿದು ಕಾಯುತ್ತಾರೆ. ಒಮ್ಮೆ ಮೊಣಕಾಲು ನೋವಿಗೆ ಕೊಳ್ಳೇಗಾಲದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದರು. ಅವರ ಮೇಲೆ ಅನುಮಾನ ಬಂದು ಇನ್ನೊಬ್ಬರಿಗೆ ತೋರಿಸಿದರು. ಇಬ್ಬರೂ ಒಂದೇ ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದವರೇ ಎರಡೂ ಚೀಟಿಯನ್ನು ಜಗಲಿಯ ಮೇಲೆ ಹರಡಿ, “ನೋಡ್ದಾ, ಇಬ್ರೂ ಮಾತಾಡ್ಕಂಡವ್ರೆ” ಎಂದರು.

ನನ್ನ ತವರು ಯಳಂದೂರು. ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಮೊದಲು ತಿನ್ನುವ ತನಕ ಈ ಮಹಾನುಭಾವರು ಉಪ್ಪಿಟ್ಟಿನ ತಟ್ಟೆ ಮುಟ್ಟಲಿಲ್ಲ. ಒಪ್ಪಿಗೆ ಎಂದು ಹೇಳಿ ಹೋದವರು ಮುಂದಿನ ವಾರ ಹೇಳದೆ ಕೇಳದೆ ಒಬ್ಬರೇ ಮತ್ತೆ ಬಂದರು. ನಾನಾಗ ಹಳೇ ನೈಟಿಯಲ್ಲಿ, ಹಗ್ಗ ಕಿತ್ತುಕೊಂಡ ಕರುವಿನ ಹಿಂದೆ ಬೀದಿ ತುಂಬ ಓಡುತ್ತಿದ್ದೆ. ಅವರು ಗೋಡೆ ಪಕ್ಕ ನಿಂತು ಪೂರ್ತಿ ನೋಡಿ, “ಈಗ ಸರಿ” ಎಂದು ಒಳಗೂ ಬರದೆ ಹೊರಟುಹೋದರು. ಮದುವೆಯಾದ ಮೇಲೆ ಒಂದು ದಿನ ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ.

“ಕೇಳುದ್ರೆ ಸುಳ್ಳು ಯೋಳ್ತಾರೆ ಕಣವ್ವ. ನೋಡ್ಬೇಕು” ಎಂದರು.

ಇದು ಅವರ ಬಾಯಿಪಾಠ. ಗೊಬ್ಬರ ಕೊಳ್ಳುವಾಗಲೂ ಇದೇ, ಬೀಗರ ಮನೆಗೆ ಹೋದಾಗಲೂ ಇದೇ. ನನ್ನ ಗಂಡ ಗುರುಪ್ರಕಾಶ್ ತೋಟಕ್ಕೆ ನೀರು ಕಟ್ಟಿ ಬಂದೆ ಎಂದರೆ ಮೊದಲು ಅವರ ಪಾದ ಒದ್ದೆಯಾಗಿದೆಯೇ ಎಂದು ಬಗ್ಗಿ ನೋಡುತ್ತಾರೆ. ಇಂಥವರ ಜೊತೆ ನಮ್ಮತ್ತೆ ಪುಟ್ಟಮಲ್ಲಮ್ಮ ಒಂದು ದಿನವೂ ದನಿ ಎತ್ತದೆ ಹೇಗೆ ಬಾಳಿದರು ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಆ ಮೌನದ ತಳದಲ್ಲಿ ಏನಿತ್ತು ಎನ್ನುವುದು ಕಳೆದ ವರ್ಷ ಗೊತ್ತಾಯಿತು.

ನಮ್ಮದು ಅರಿಶಿನ ಬೆಳೆಯುವ ಮನೆ. ಕಿತ್ತು, ಬೇಯಿಸಿ, ಒಣಗಿಸಿ, ಡ್ರಮ್ಮಿನಲ್ಲಿ ಉರುಳಿಸಿ ಪಾಲಿಶ್ ಮಾಡಿ ಮೂಟೆ ಕಟ್ಟುವಷ್ಟರಲ್ಲಿ ನಾಯಿ ಬೆಕ್ಕು ಸಮೇತ ಮನೆಯೆಲ್ಲ ಹಳದಿಯಾಗಿರುತ್ತದೆ. ಮೊದಲೆಲ್ಲ ಮಾವ ಲಾರಿಯಲ್ಲಿ ಮೂಟೆ ಹಾಕಿಸಿಕೊಂಡು, ಬೆಟ್ಟ ದಾಟಿ ತಮಿಳುನಾಡಿನ ಈರೋಡಿಗೆ ಹೋಗಿ, ಅಲ್ಲಿಯ ಮಂಡಿಯಲ್ಲಿ ಮಾರಿ ಬರುತ್ತಿದ್ದರು. ಈಗ ವ್ಯಾಪಾರಿಯ ಲಾರಿಯೇ ಮನೆ ಬಾಗಿಲಿಗೆ ಬರುತ್ತದೆ. ಹೋದ ವರ್ಷವೂ ಬಂತು, ತುಂಬಿಕೊಂಡು ಹೋಯಿತು. ಅಂದು ಊಟಕ್ಕೆ ಕೂತಾಗ ನನ್ನ ಗಂಡ ಹೇಳಿದರು.

“ಅಪ್ಪಾ, ಕೆಲ್ಸ ಎಲ್ಲ ಮುಗೀತಲ್ಲ. ನೀನು, ಅವ್ವ, ಶೃತಿ ಮೂರು ಜನ ಎರಡು ದಿನ ಮೈಸೂರಿಗೆ ಓಗಿ ಬನ್ನಿ. ಹಸ ನಾನ್ ನೋಡ್ಕತೀನಿ. ಹೆಂಗಸ್ರಿಗೆ ಬಸ್ಸೂ ಫ್ರೀ.”

“ಬಿಟ್ಟಿ ಕೊಡ್ತಾರೆ ಅಂದ್ರೆ ಇನ್ನೆಲ್ಲೋ ಕಿತ್ಕತಾರೆ” ಎಂದರು ಮಾವ. ಆದರೂ ಮೈಸೂರು ಅವರಿಗೆ ಬೇಡವೆನಿಸಲಿಲ್ಲ. ಅರಮನೆ ನೋಡಿ ಎಷ್ಟೋ ವರ್ಷವಾಗಿತ್ತು. ನಾನಂತೂ ಯಾವ ಸೀರೆ ಉಡಬೇಕು ಎಂದು ಮನಸ್ಸಿನಲ್ಲೇ ಬೀರು ತೆಗೆದಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಬಂತು.

“ಮೈಸೂರು ಬ್ಯಾಡ. ಈರೋಡಿಗೆ ಓಗವ.”

ಮಾವನ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನಲ್ಲೇ ನಿಂತಿತು. “ಈರೋಡಾ? ಅಲ್ಲೇನದೆ? ಬಿಸ್ಲು, ದೂಳು. ಮನುಷ್ಯರು ನೋಡೋ ಅಂಥದ್ದು ಒಂದೂ ಇಲ್ಲ.”

“ಅಷ್ಟು ವರ್ಸ ನೀವು ನೋಡ್ಕ ಬಂದ್ರಲ್ಲ. ನಾನೂ ನೋಡ್ತೀನಿ.”

ಮಾವ ಎರಡನೇ ಮುದ್ದೆ ಬೇಡವೆಂದರು. ಕೈ ತೊಳೆದವರು ನೇರ ನನ್ನ ಹಿಂದೆ ಬಿದ್ದರು. ನಿಮ್ಮತ್ತೆಗೆ ಯಾರ ಫೋನು ಬಂದಿತ್ತು? ರಾಜಣ್ಣ ಮನೆ ಕಡೆ ಬಂದಿದ್ದನಾ? ರಾಜಣ್ಣನ ಹೆಂಡತಿ ಏನಾದರೂ ಹೇಳಿದಳಾ? ಈ ರಾಜಣ್ಣ ನಮ್ಮೂರಿನವನೇ, ಮಾವನ ಜೊತೆ ಈರೋಡಿಗೆ ಅರಿಶಿನ ಒಯ್ಯುತ್ತಿದ್ದವನು. ಯಾರೂ ಬಂದಿಲ್ಲ, ಯಾರೂ ಏನೂ ಹೇಳಿಲ್ಲ ಎಂದರೆ, “ಹಂಗಾದ್ರೆ ಬಿಟ್ಟಿ ಬಸ್ ಬಿಟ್ಟು, ಟಿಕೆಟ್ ಕೊಟ್ಟು ಬಿಸ್ಲಿಗೆ ಯಾಕ್ ಓದಾಳು? ಏನೋ ಅದೆ” ಎಂದು ತಲೆ ಆಡಿಸಿದರು. ನನಗೂ ಹಾಗೇ ಅನಿಸಿತು. ಆದರೆ ನನಗೆ ಅನುಮಾನ ಬಂದದ್ದು ಅತ್ತೆಯ ಮೇಲಲ್ಲ. ಈರೋಡು ಎಂದ ಕೂಡಲೇ ಇವರ ಮುಖ ಯಾಕೆ ಹಾಗೆ ಬಿಳಿಚಿಕೊಂಡಿತು?

ಮಾರನೆಯ ದಿನ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಅತ್ತೆಯನ್ನೇ ಕೇಳಿದೆ. ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿದರು.

“ನಿಮ್ ಮಾವಂಗೆ ಅಲ್ಲಿ ಇನ್ನೊಂದು ಮನೆ ಅದೆ ಕಣವ್ವ.”

ಉಪ್ಪಿಟ್ಟನ್ನೇ ನಂಬದ ಮನುಷ್ಯ ಒಬ್ಬಳು ಪರಊರಿನ ಹೆಂಗಸನ್ನು ನಂಬುವುದೆಂದರೇನು? ನಗು ಬಂತು. ಅತ್ತೆ ನಗಲಿಲ್ಲ.

“ಲಾಡ್ಜಲ್ಲಿ ಮಲಗ್ತೀನಿ ಅನ್ನೋರು. ಮಂಚ, ಫ್ಯಾನು, ಬಿಳೀ ದುಪ್ಪಟಿ ಅಂತ ಬಂದು ವರ್ಣನೆ ಮಾಡೋರು. ಮೂಟೆ ಎತ್ತಕೆ ಇಳಿಸಕೆ ಕೂಲಿಯೋರಿದ್ರು, ಇವ್ರು ಮುಟ್ತಾನೂ ಇರ್ಲಿಲ್ಲ. ಅಂಗಿದ್ರೂ ಬರೋವಾಗ ಬಲಗೆನ್ನೆಗೆ ಅರಿಸ್ನ. ಕಿವಿ ಹಿಂದಿನಗಂಟ ಹತ್ತಿರೋದು. ಎಡಗೆನ್ನೆ ನೋಡುದ್ರೆ ಶುದ್ಧ. ಎಲ್ಲಿಂದ ಬಂತು?”

“ಅಯ್ಯೋ ಅತ್ತೆ, ಅರಿಸ್ನ ಮಾರಕೆ ಓದವ್ರಿಗೆ ಅರಿಸ್ನ ಹತ್ತದೆ ಸುಣ್ಣ ಹತ್ತದಾ?”

“ನಂಗೇ ಯೋಳ್ತೀಯಾ? ಹುಟ್ಟಿದಾಗಿಂದ ಅರಿಸ್ನದ ದೂಳಲ್ಲೇ ಇರೋಳು ನಾನು. ದೂಳು ಹತ್ತುದ್ರೆ ಮೂಗು, ರೆಪ್ಪೆ, ಎರಡು ಕೆನ್ನೆ ಎಲ್ಲಕ್ಕೂ ಹತ್ತದೆ. ಒಂದೇ ಕೆನ್ನೆಗೆ ಹತ್ತಬೇಕು ಅಂದ್ರೆ ಇನ್ನೊಂದು ಕೆನ್ನೆ ತಾಗಬೇಕು. ಅರಿಸ್ನ ಹಚ್ಕಂಡು ನೀರು ಹುಯ್ಕಂಡ ಮುತ್ತೈದೆ ಕೆನ್ನೆ.”

ನನ್ನ ನಗು ನಿಂತಿತು. ಅರಿಶಿನದ ವಿಷಯದಲ್ಲಿ ಅತ್ತೆಯ ಮಾತನ್ನು ಕಡೆಗಣಿಸುವ ಹಾಗಿಲ್ಲ. ಕೊಂಬು ಮುರಿದ ಸದ್ದಿನಲ್ಲೇ ಒಣಗಿದೆಯೋ ಇಲ್ಲವೋ ಹೇಳುವವರು ಅವರು.

“ಯಾವಾಗಿಂದ ಅತ್ತೆ?”

“ಗುರು ಒಟ್ಟೇಲಿದ್ದಾಗಿಂದ.”

ನನ್ನ ಗಂಡನಿಗೀಗ ಮೂವತ್ತು ದಾಟಿದೆ. ಅಷ್ಟು ಕಾಲ ಈ ಹೆಂಗಸು ಪ್ರತಿ ಸುಗ್ಗಿಯಲ್ಲೂ ಗಂಡನ ಕೆನ್ನೆಯನ್ನು ನೋಡಿ, ಏನೂ ಹೇಳದೆ, ಬಿಸಿನೀರು ಕಾಯಿಸಿ ಕೊಟ್ಟಿದ್ದಾರೆ. ಈರೋಡಿನಿಂದ ಬರುವಾಗ ಮಾವ ತಪ್ಪದೆ ಒಂದು ಸೀರೆ ತರುತ್ತಿದ್ದರಂತೆ. ಅತ್ತೆ ಅವುಗಳಲ್ಲಿ ಒಂದನ್ನೂ ಉಟ್ಟಿಲ್ಲ. ಹಬ್ಬಕ್ಕೆ ಉಡುತ್ತೇನೆ ಎಂದು ಟ್ರಂಕಿಗೆ ಹಾಕುವುದು, ಹಬ್ಬ ಬಂದಾಗ ತವರಿನ ಸೀರೆ ಉಡುವುದು. “ಎರಡು ತಕಂಡಿರ್ತಾರೆ ಕಣವ್ವ. ಒಂದು ಅವಳ್ಗೆ, ಒಂದು ನಂಗೆ. ಅವಳು ಆರಿಸ್ಕಂಡು ಬಿಟ್ಟಿದ್ದ ನಾನ್ ಯಾಕೆ ಉಡ್ಲಿ?” ಲೋಕದ ಕಳ್ಳತನವೆಲ್ಲ ಕಾಣುವ ಮಾವನ ಕಣ್ಣಿಗೆ ಹೆಂಡತಿ ತಾನು ತಂದ ಸೀರೆ ಉಡುತ್ತಿಲ್ಲ ಎನ್ನುವುದು ಕಂಡಿರಲಿಲ್ಲ.

“ತಾನು ಕಳ್ಳ, ಪರರ ನಂಬ ಅಂತ ಗಾದೆ ಇಲ್ವಾ? ಊರೋರ್ ಮೇಲೆಲ್ಲ ಅನುಮಾನ ಬೀಳೋರು ಸುಮ್ನೆ ಬೀಳ್ತಾರಾ? ನಂಗೂ ವಯಸ್ಸಾಯ್ತು. ಅವಳ ಮುಖ ಒಂದ್ಸಲ ನೋಡ್ಬುಡ್ತೀನಿ. ಬೈಯಲ್ಲ, ಜಗಳ ಆಡಲ್ಲ. ನೋಡ್ದೆ ಸಾಯಾಕೆ ಮನಸಿಲ್ಲ” ಎಂದು ಅತ್ತೆ ಸಿಪ್ಪೆಯನ್ನು ಮೊರಕ್ಕೆ ಒಟ್ಟುಮಾಡಿದರು. ಅವರ ಕಣ್ಣಲ್ಲಿ ನೀರಿರಲಿಲ್ಲ. ನನಗೆ ಮಾವನ ಮೇಲೆ ವಿಪರೀತ ಸಿಟ್ಟು ಬಂತು.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಕದ್ದು ನೋಡತೊಡಗಿದೆವು. ಮಾವ ಅತ್ತೆಯನ್ನು ಗಮನಿಸುತ್ತಿದ್ದರು, ಅತ್ತೆ ಮಾವನನ್ನು, ನಾನು ಇಬ್ಬರನ್ನೂ. ಕಾಮಗೆರೆಗೆ ಹೋಗಿ ಬಂದ ನನ್ನ ಗಂಡನ ಶರ್ಟಿನ ಕಾಲರನ್ನೂ ಒಂದು ಸಲ ತಿರುಗಿಸಿ ನೋಡಿದೆ. ಬೆವರು ಬಿಟ್ಟರೆ ಏನೂ ಇರಲಿಲ್ಲ. ಮಾವ ದಿನಕ್ಕೊಂದು ನೆಪ ತೆಗೆದರು. ಈರೋಡಿನಲ್ಲಿ ನೀರು ಸರಿಯಿಲ್ಲ, ಬೆಟ್ಟದ ದಾರಿಯಲ್ಲಿ ಆನೆ, ನನ್ನ ಮೊಣಕಾಲು ನೋವು. ಮೈಸೂರಿಗೆ ಹೋಗಲು ಮಾತ್ರ ಮೊಣಕಾಲು ಚೆನ್ನಾಗಿತ್ತು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕಂಡು ನೋಡ್ಕಂಡನಂತೆ” ಎಂದು ಅತ್ತೆ ಒಲೆಯ ಮುಂದೆ ಗೊಣಗುವರು.

ಮೈಸೂರೋ ಈರೋಡೋ ಎನ್ನುವುದು ಹರಿಯದೆ ಕೊನೆಗೆ ಅತ್ತೆಯೇ, “ಮಾದಪ್ಪನ್ನೇ ಕೇಳ್ಬುಡವ” ಎಂದರು. ಮಾದಪ್ಪ ನಮ್ಮೂರ ಗುಡಿಯ ದೇವರು. ನಮ್ಮ ಕಡೆ ಹೂ ಕೇಳುವ ಪದ್ಧತಿಯಿದೆ. ದೇವರ ಎಡಕ್ಕೂ ಬಲಕ್ಕೂ ನೀರಲ್ಲಿ ಅದ್ದಿದ ಹೂವಿನ ಎಸಳು ಅಂಟಿಸಿ, ಮನಸ್ಸಿನಲ್ಲಿರುವುದನ್ನು ಹೇಳಿ ಕಾಯುವುದು. ಯಾವ ಕಡೆಯ ಹೂ ಮೊದಲು ಬೀಳುತ್ತದೋ ಅದೇ ಅಪ್ಪಣೆ. ಹೊಸ ಬೋರ್‌ವೆಲ್ಲಿಗೂ, ಗಂಡು ಹೆಣ್ಣಿನ ಸಂಬಂಧಕ್ಕೂ ಹೂ ಕೇಳಿದವರಿದ್ದಾರೆ. ಪ್ರವಾಸಕ್ಕೆ ಕೇಳಿದವರು ನಾವೇ ಮೊದಲಿರಬೇಕು.

ಮಾವ ಒಪ್ಪಿದರು. ಅವರಿಗೆ ಮಾದಪ್ಪನ ಮೇಲೆ ಅನುಮಾನವಿಲ್ಲ, ಮಾದಪ್ಪನಿಗೂ ತಮಗೂ ನಡುವೆ ನಿಲ್ಲುವ ಪೂಜಾರಿ ಶಿವರುದ್ರಸ್ವಾಮಿಗಳ ಮೇಲಿದೆ. ಆದ್ದರಿಂದ ಹೂವನ್ನು ನಮ್ಮ ಹಿತ್ತಿಲ ಕಣಗಿಲೆ ಗಿಡದಿಂದ ತಾವೇ ಕಿತ್ತು, ಮುಷ್ಟಿಯಲ್ಲಿ ಹಿಡಿದು, ಗುಡಿಯವರೆಗೂ ಯಾರ ಕೈಗೂ ಕೊಡದೆ ತಂದರು. ಬಲಗಡೆ ಬಿದ್ದರೆ ಮೈಸೂರು, ಎಡಗಡೆ ಬಿದ್ದರೆ ಈರೋಡು ಎಂದು ತಾವೇ ನಿರ್ಣಯಿಸಿದರು. ಬಲ ಯಾರಿಗೆ ಎಂದು ಅತ್ತೆ ತಕರಾರು ಮಾಡಬಹುದು ಅಂದುಕೊಂಡಿದ್ದೆ. ಅತ್ತೆ “ಆಗ್ಲಿ” ಎಂದು ಕೈ ಮುಗಿದು ನಿಂತರು.

ಸ್ವಾಮಿಗಳು ಎಸಳು ಅಂಟಿಸಿದರು. ಎರಡೂ ಕಡೆ ಒಂದೇ ಅಳತೆಯ ನೀರಿದೆಯೇ ಎಂದು ಮಾವ ಬಗ್ಗಿ ಬಗ್ಗಿ ನೋಡಿದರು. ನಾವು ಕಾದೆವು. ಎಡಗಡೆಯ ಹೂ ಜಾರಿ ಬಿತ್ತು.

“ಗಾಳಿ ಬಂತು” ಎಂದರು ಮಾವ.

ಬಾಗಿಲು ಹಾಕಿ ಮತ್ತೆ ಕೇಳಲಾಯಿತು. ಮತ್ತೆ ಎಡಗಡೆಯದೇ ಬಿತ್ತು. ಮಾವ ಬಿದ್ದ ಎಸಳನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ, “ಹೂವೇನೋ ನಂದು. ನೀರು ನಿಮ್ದಲ್ವಾ ಸ್ವಾಮೇರೆ?” ಎಂದರು.

ಶಿವರುದ್ರಸ್ವಾಮಿಗಳಿಗೆ ರೇಗಿಹೋಯಿತು. “ಗುಡಿಗೆ ನೀರು ನಿಮ್ ಬೋರ್‌ವೆಲ್ಲಿಂದ್ಲೇ ಬರೋದು ಕಣ್ರಿ ಶಿವನಂಜಯ್ಯೋರೆ! ಓಗಿ ಅದನ್ನೇ ಕೇಳ್ಕಳಿ!”

ಹೀಗೆ ಈರೋಡು ಗಟ್ಟಿಯಾಯಿತು.

ಬೆಳಗ್ಗೆ ಹನೂರಿನಿಂದ ಹೊರಟು, ರಾಮಾಪುರ ದಾಟಿ, ಗಡಿಯಲ್ಲಿ ಬಸ್ಸು ಬದಲಿಸಿ, ಬರಗೂರು ಬೆಟ್ಟ ಇಳಿದು ಅಂದಿಯೂರಿನ ಮೇಲೆ ಹೋದೆವು. ಕಿಟಕಿ ಪಕ್ಕ ಅತ್ತೆ, ನಡುವೆ ನಾನು, ಈ ಕಡೆ ಮಾವ. ಅತ್ತೆ ಆನೆ ಹುಡುಕಲಿಲ್ಲ, ಕಣಿವೆ ನೋಡಲಿಲ್ಲ. ಊರುಗಳು ಶುರುವಾದ ಮೇಲೆ ಮಾತ್ರ ಒಂದೊಂದು ಮನೆಯ ಬಾಗಿಲನ್ನೂ, ರಂಗೋಲಿಯನ್ನೂ, ಮುಖಕ್ಕೆ ಅರಿಶಿನ ಹಚ್ಚಿದ ಒಂದೊಂದು ಹೆಂಗಸನ್ನೂ ಕಣ್ಣು ಕಿರಿದು ಮಾಡಿ ನೋಡತೊಡಗಿದರು. ಈರೋಡು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಎಳನೀರು ಮಾರುತ್ತಿದ್ದ ಒಬ್ಬನನ್ನು ಕಂಡು ನನ್ನ ಕೈ ಹಿಂಡಿದರು. “ಆ ಮೂಗು ನೋಡು. ಗುರು ಮೂಗೇ ಅಲ್ವಾ?” ನನಗೂ ಕ್ಷಣ ಹೊತ್ತು ಹಾಗೇ ಕಂಡಿತು. ಅವನು ಮಾವನನ್ನು ನೋಡಿ ನಕ್ಕ. ಆಮೇಲೆ ಎಲ್ಲರನ್ನೂ ನೋಡಿ ನಕ್ಕ. ಎಳನೀರು ಮಾರುವವನು ನಗದೆ ಇನ್ನೇನು ಮಾಡುತ್ತಾನೆ?

“ನೀವು ಇಳ್ಕತಿದ್ದ ಲಾಡ್ಜಿಗೇ ಓಗವ. ಷಣ್ಮುಗಂ ಲಾಡ್ಜು” ಎಂದರು ಅತ್ತೆ.

“ಅದೆಲ್ಲ ಈಗ ಎಲ್ಲದೆ? ಕೆಡವಿರ್ತಾರೆ” ಎಂದು ಮಾವ ನಮ್ಮನ್ನು ಇನ್ನೊಂದು ಬೀದಿಗೆ ತಿರುಗಿಸಿದರು. ನಾನು ಒಬ್ಬ ಆಟೋದವನನ್ನು ಕೇಳಿದೆ. ಅವನು ನಮ್ಮ ಬೆನ್ನ ಹಿಂದೆಯೇ ಕೈ ತೋರಿಸಿದ. ಕೆಡವುವುದಿರಲಿ, ಹೊಸದಾಗಿ ಬಣ್ಣ ಹೊಡೆಸಿಕೊಂಡು ನಿಂತಿತ್ತು.

ಒಳಗೆ ಮೇಜಿನ ಹಿಂದೆ ಕಿವಿಯಲ್ಲಿ ಬಿಳಿಕೂದಲು ಬೆಳೆದ ಮುದುಕರೊಬ್ಬರು ಕೂತಿದ್ದರು. ಬಂಡಳ್ಳಿಯವರು ಎಂದ ಕೂಡಲೇ ಮುಖ ಅರಳಿಸಿ, “ಓ, ಅರಿಶಿನದವರು! ರಾಜಣ್ಣ ಚೆನ್ನಾಗಿದಾರಾ?” ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ವಿಚಾರಿಸಿದರು. ನಮ್ಮೂರಿನ ಇನ್ನೂ ನಾಲ್ಕು ಜನರ ಹೆಸರು ಹೇಳಿದರು. ಅತ್ತೆ ಮಾವನ ಕಡೆ ಕೈ ಮಾಡಿ, “ಇವರು?” ಎಂದರು. ಮುದುಕರು ಕನ್ನಡಕ ಏರಿಸಿ ಚೆನ್ನಾಗಿ ನೋಡಿ ತಲೆ ಅಲ್ಲಾಡಿಸಿದರು.

“ಇವರನ್ನ ನಾನು ನೋಡೇ ಇಲ್ಲಮ್ಮಾ.”

ಅಲ್ಲಿಯವರೆಗೂ ಅತ್ತೆಯ ಮಾತು ಸುಳ್ಳಾಗಲಿ ಎಂದೇ ನಾನು ಒಳಗೊಳಗೆ ಹಾರೈಸುತ್ತಿದ್ದೆ. ಮಾವ ಚಪ್ಪಲಿಯ ಉಂಗುಷ್ಠ ಸರಿಮಾಡುವವರಂತೆ ಬಗ್ಗಿಬಿಟ್ಟರು. ಅತ್ತೆ ಕೂಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

“ನಡೀರಿ. ಆ ಮನೆಗೇ ಓಗವ.”

“ಯಾವ್ ಮನೆ?”

“ಅರಿಸ್ನದ ಕೆನ್ನೆಯೋಳ ಮನೆ.”

ಮಾವ ಬೆಪ್ಪಾಗಿ ನನ್ನ ಮುಖ ನೋಡಿದರು. ಸೊಸೆ ಮಾವನಿಗೆ ಹೇಳುವ ಮಾತಲ್ಲ, ಆದರೂ ಇನ್ನು ತಡೆಯಲಾಗಲಿಲ್ಲ. “ಮಾವ, ನಿಮ್ಗೆ ಇಲ್ಲಿ ಇನ್ನೊಂದು ಸಂಸಾರ ಅದೆ ಅಂತ ಅತ್ತೆ ತಿಳ್ಕಂಡವ್ರೆ. ಗುರು ಹುಟ್ಟೋಕ್ ಮುಂಚಿಂದ. ಇಲ್ಲಿಂದ ಬರೋವಾಗೆಲ್ಲ ನಿಮ್ ಬಲಗೆನ್ನೆಗೆ ಅರಿಸ್ನ ಹತ್ತಿರೋದಂತೆ.”

ಮಾವನ ಕೈ ತಾನಾಗಿ ಬಲಗೆನ್ನೆಯನ್ನು ಮುಟ್ಟಿಕೊಂಡಿತು. “ಯಾರ್ ಯೋಳಿದ್ದು? ರಾಜಣ್ಣನಾ?” ಎಂದರು ಮೊದಲು. ಹುಟ್ಟುಗುಣ ಸುಟ್ಟರೂ ಹೋಗದು. ಆಮೇಲೆ ಹೆಂಡತಿಗೆ “ಬಾ” ಎಂದಷ್ಟೇ ಹೇಳಿ ಆಟೋ ಕರೆದರು.

ಎಲ್ಲಿಗೆ ಎಂದು ಹೇಳಲಿಲ್ಲ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಬಾಗಿಲು ತೆರೆಯುವವಳು ಹೇಗಿರುತ್ತಾಳೆ? ಮಕ್ಕಳಿರುತ್ತಾರಾ? ನನ್ನ ಗಂಡನಿಗೆ ಹೇಗೆ ಹೇಳಲಿ? ಅತ್ತೆ ಹಣೆಯ ವಿಭೂತಿಯನ್ನು ಸರಿಮಾಡಿಕೊಂಡರು, ಜಡೆಯನ್ನು ಬಿಗಿಮಾಡಿಕೊಂಡರು. ಎದುರಾಳಿಯ ಮುಂದೆ ಹೀಗೇ ಹೋಗಿ ನಿಲ್ಲಲು ಅವರಿಗೂ ಮನಸ್ಸಿರಲಿಲ್ಲ ಎಂದು ಕಾಣುತ್ತದೆ.

ಆಟೋ ನಿಂತದ್ದು ಅರಿಶಿನದ ಮಂಡಿಯ ಮುಂದೆ. ತಗಡಿನ ದೊಡ್ಡ ಚಾವಣಿ, ಅದರ ಕೆಳಗೆ ಅಟ್ಟಣೆಯಂತೆ ಒಟ್ಟಿದ ಮೂಟೆಗಳು, ನಮ್ಮ ಮನೆಯದೇ ವಾಸನೆ. ಬಾಗಿಲ ಬಳಿ ಸ್ಟೂಲಿನ ಮೇಲೆ ಕಾವಲಿನ ಮುದುಕನೊಬ್ಬ ಕೂತಿದ್ದ. ಮಾವನನ್ನು ಕಂಡವನೇ ಎದ್ದು, ಎರಡೂ ಕೈ ಎತ್ತಿಬಿಟ್ಟ.

“ಅಡಡಾ, ಮೂಟೆ ಐಯಾ! ಬದುಕಿದ್ದೀರಾ ನೀವು?”

ಅವನ ಹೆಸರು ಪುಟ್ಟಮಾದಪ್ಪ. ಬರಗೂರು ಬೆಟ್ಟದವನು, ಮನೆಮಾತು ಕನ್ನಡ. ಅತ್ತೆ ಮಾವನಿಗೆ ಬಾಯಿ ತೆರೆಯಲು ಬಿಡದೆ ನೇರ ಅವನನ್ನೇ ಕೇಳಿದರು. “ನಮ್ಮ ಯಜಮಾನ್ರು ಇಲ್ಲಿಗ್ ಬಂದಾಗ ಎಲ್ಲಿ ಮಲಗ್ತಿದ್ರಪ್ಪ?”

“ಎಲ್ಲಿ ಅಂದ್ರೆ? ಅಗೋ, ಮೂಟೆ ಮ್ಯಾಲೆ” ಎಂದು ಅವನು ಕೈ ತೋರಿಸಿದ. “ಹರಾಜು ಮುಗಿಯೋಗಂಟ ನಿಮ್ಮೂರೋರೆಲ್ಲ ಲಾಡ್ಜು ಸೇರ್ಕಳೋರು. ಇವರು ಮೂಟೆ ಬಿಟ್ಟು ಕದಲ್ತಿರ್ಲಿಲ್ಲ. ಕಾವಲಿರೋನು ನಾನು, ನನ್ ಮ್ಯಾಲೇ ಅನುಮಾನ! ಐಯಾ, ಒಂದು ಚಾಪೆ ಕೊಡ್ತೀನಿ ಹಾಸ್ಕಳಿ ಅಂದ್ರೆ, ಚಾಪೆ ಮ್ಯಾಲೆ ನಿದ್ದೆ ಚೆನ್ನಾಗಿ ಬತ್ತದೆ, ಬ್ಯಾಡ ಅನ್ನೋರು. ಈ ಬಾಗ್ಲ ಕಡೆ ಮುಖ ಮಾಡಿ ಬಲಮಗ್ಗುಲಾಗಿ ಬಿದ್ಕಳೋರು. ಮಗ್ಗುಲು ಬದಲಾಯ್ಸುದ್ರೆ ನಾನ್ ಕಾಣಾಕಿಲ್ವಲ್ಲ, ಅದ್ಕೆ ಬದಲಾಯಿಸ್ತಾನೂ ಇರ್ಲಿಲ್ಲ. ಎಷ್ಟು ವರ್ಸ! ಅದ್ಕೇ ಅಮ್ಮಾ ಇಲ್ಲಿ ಎಲ್ಲರೂ ಮೂಟೆ ಐಯಾ ಅಂತ್ಲೇ ಕರೀತಿದ್ದದ್ದು.”

ನಾನು ಮಾವನ ಕಡೆ ನೋಡಿದೆ. ಅವರು ಚಾವಣಿಯ ತಗಡನ್ನು ನೋಡುತ್ತಿದ್ದರು.

ಅತ್ತೆ ಪುಟ್ಟಮಾದಪ್ಪನ ಮಾತನ್ನೂ ಪೂರ್ತಿ ನಂಬಲಿಲ್ಲ. ಅವರು ಹೋಗಿ, ಕೆಳಸಾಲಿನ ಮೂಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಮ್ಮ ಬಲಗೆನ್ನೆಯನ್ನು ಗೋಣಿಯ ಮೇಲೆ ಒತ್ತಿಟ್ಟರು. ಕಣ್ಣು ಮುಚ್ಚಿಕೊಂಡರು. ಸುತ್ತ ಕೆಲಸ ಮಾಡುತ್ತಿದ್ದ ಕೂಲಿಯವರು ನಿಂತು ನೋಡತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಎದ್ದು ನನ್ನ ಕಡೆ ತಿರುಗಿದರು.

“ನೋಡವ್ವ.”

ಗೋಣಿಯಿಂದ ಸೋರಿದ ಪುಡಿ ಬಲಗೆನ್ನೆಯಿಂದ ಕಿವಿಯ ಹಿಂದಿನವರೆಗೂ ಹತ್ತಿತ್ತು. ಎಡಗೆನ್ನೆ ಶುದ್ಧವಾಗಿತ್ತು. ನಾನು ಮೊಬೈಲಿನ ಕ್ಯಾಮೆರಾ ತೆರೆದು ಅವರ ಮುಖದ ಮುಂದೆ ಹಿಡಿದೆ. ಅತ್ತೆ ನೋಡಿಕೊಂಡರು. ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. ಆಮೇಲೆ ಆ ಮೂಟೆಯ ಮೇಲೆಯೇ ಕೂತು ಬಿಕ್ಕಿ ಬಿಕ್ಕಿ ಅತ್ತರು. ನನ್ನ ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ.

“ಲಾಡ್ಜು ಅಂತ ಯಾಕ್ ಸುಳ್ಳು ಯೋಳುದ್ರಿ? ಮಂಚ, ಫ್ಯಾನು, ಬಿಳೀ ದುಪ್ಪಟಿ...”

“ರಾಜಣ್ಣ ಲಾಡ್ಜಿನ ವಿಷ್ಯ ಯೋಳ್ತಿದ್ದ. ಅದನ್ನೇ ಯೋಳ್ದೆ” ಎಂದರು ಮಾವ ತಗ್ಗಿದ ದನಿಯಲ್ಲಿ. “ಮೂಟೆ ಮೇಲೆ ಮಲಗ್ದೆ ಅಂದ್ರೆ ನಿಮ್ಮಣ್ಣ ನಗೋನು. ಊರೇ ನಗೋದು. ನೀನೂ ನಗ್ತಿದ್ದೆ.”

“ನಗ್ತಿದ್ದೆ. ನಕ್ಕು ಮರ್ತು ಬುಡ್ತಿದ್ದೆ.”

ಮಾವನಿಗೆ ಆಗ ನಿಜವಾಗಿ ನೋವಾಯಿತು ಎಂದು ಕಾಣುತ್ತದೆ. ಮುಖ ಕೆಂಪಾಯಿತು. ಲೋಕವನ್ನೆಲ್ಲ ಅನುಮಾನಿಸಿದ ಮನುಷ್ಯನಿಗೆ ತನ್ನನ್ನೂ ಒಬ್ಬರು ಅನುಮಾನಿಸಬಹುದು ಎನ್ನುವುದು ಹೊಳೆದೇ ಇರಲಿಲ್ಲ, ಅದೂ ಒಂದೇ ಮನೆಯಲ್ಲಿ, ಅಷ್ಟು ಕಾಲ. “ನನ್ ಮೇಲೆ ಅನುಮಾನವಾ ನಿಂಗೆ? ಅಲ್ಲಾ ಕಣೆ, ಅಷ್ಟು ವರ್ಸ ಒಳಗೇ ಇಟ್ಕಂಡು ಕುದ್ದಲ್ಲ, ಒಂದ್ ಮಾತು ನನ್ನ ಕೇಳಬೋದಾಗಿತ್ತಲ್ಲ?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೆನ್ನೆಯ ಅರಿಶಿನವನ್ನು ಒರೆಸಿಕೊಳ್ಳಲಿಲ್ಲ.

“ಕೇಳುದ್ರೆ ಸುಳ್ಳು ಯೋಳ್ತಾರೆ, ನೋಡ್ಬೇಕು ಅಂತ ದಿನಬೆಳಗಾದ್ರೆ ಯೋಳ್ಕೊಟ್ಟೋರು ಯಾರು? ಕೇಳಿದ್ರೆ ನೀವು ಏನ್ ಯೋಳ್ತಿದ್ರಿ? ಲಾಡ್ಜು ಅಂತಿದ್ರಿ.”

ಪುಟ್ಟಮಾದಪ್ಪ ಮೂರು ಲೋಟ ಟೀ ತರಿಸಿದ. ಮಾವ ಮೂಸಿ ನೋಡದೆ ಕುಡಿದರು.

ರಾತ್ರಿ ಉಳಿದದ್ದು ಅದೇ ಷಣ್ಮುಗಂ ಲಾಡ್ಜಿನಲ್ಲಿ. ಮಂಚವಿತ್ತು, ಫ್ಯಾನಿತ್ತು, ದುಪ್ಪಟಿ ಮಾತ್ರ ನೀಲಿ. ಮಾರನೆಯ ದಿನ ಊರಿಗೆ ಬಂದೆವು. ಮಾವ ಬದಲಾದರು ಎಂದು ಬರೆದರೆ ನೀವು ಖುಷಿಪಡಬಹುದು, ಆದರೆ ಅದು ಸುಳ್ಳು. ಬಂದ ದಿನವೇ ಮಗನ ಮಾತು ಕೇಳಿ ಕೊಟ್ಟಿಗೆಗೆ ಹೋಗಿ, ಹಸುವಿನ ಕೆಚ್ಚಲು ಮುಟ್ಟಿ ನೋಡಿ, ಹಾಲು ಕರೆದದ್ದು ನಿಜ ಎಂದು ಖಾತ್ರಿ ಮಾಡಿಕೊಂಡರು.

ಯುಗಾದಿ ಕಳೆದ ಮೇಲೆ ಮೈಸೂರಿಗೂ ಹೊರಟೆವು. ಈ ಸಲ ಯಾರೂ ಹೂ ಕೇಳಲಿಲ್ಲ. ಹೊರಡುವ ಬೆಳಗ್ಗೆ ಅತ್ತೆ ಟ್ರಂಕಿನ ತಳದಿಂದ ಒಂದು ಹಸಿರು ಸೀರೆ ತೆಗೆದು ಉಟ್ಟರು. ಹಳೇಕಾಲದ ದಪ್ಪ ಅಂಚು, ಎಷ್ಟು ಇಸ್ತ್ರಿ ಮಾಡಿದರೂ ಹೋಗದ ಮಡಿಕೆಯ ಗೆರೆಗಳು. ಜಗಲಿಯ ಮೇಲೆ ಚೀಲ ಹಿಡಿದು ಕಾಯುತ್ತಿದ್ದ ಮಾವನ ಕಣ್ಣು ಕಿರಿದಾಯಿತು.

“ಇದ್ಯಾವ್ದು ಸೀರೆ? ನಾನ್ ನೋಡೇ ಇಲ್ವಲ್ಲ. ಯಾರ್ ಕೊಡ್ಸಿದ್ದು?”

“ಈರೋಡಲ್ಲಿ ಒಬ್ರಿದ್ರು” ಎಂದರು ಅತ್ತೆ. “ಅವರು ಕೊಡ್ಸಿದ್ದು.”

ನಾನು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡೆ. ಮಾವನಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿರ ಬಂದು ಸೆರಗನ್ನು ಕೈಗೆ ತೆಗೆದುಕೊಂಡರು. ಮಡಿಕೆ ಕೂತ ಜಾಗದಲ್ಲಿ ಉದ್ದಕ್ಕೂ ನೂಲು ಸೀಳಿತ್ತು, ಅತ್ತೆ ಹಿಂದಿನ ದಿನ ಕೂತು ಅದನ್ನು ಹಸಿರು ದಾರದಲ್ಲಿ ಹೊಲಿದಿದ್ದರು. ಮಾವ ಆ ಹೊಲಿಗೆಯ ಮೇಲೆ ಬೆರಳಾಡಿಸಿದರು.

“ಹರ್ದೋಯ್ತಲ್ಲ ಇದು. ಆ ಅಂಗಡಿಯೋನು ಮೋಸ ಮಾಡ್ಬುಟ್ಟ ಕಣೆ ನಂಗೆ.”

“ಅಂಗಡಿಯೋನ ತಪ್ಪಲ್ಲ ಬುಡಿ” ಎಂದರು ಅತ್ತೆ. “ಉಡ್ದೆ ಇಟ್ಟಿದ್ದೆ. ಅದ್ಕೆ ಹರ್ದೋಯ್ತು.”